ಕೆಂಪಿ ನೀರು ಕುಡಿದ ಬೇಸಿಗೆ

ಮೇ ತಿಂಗಳಲ್ಲಿ ಕಲಬುರಗಿ ಸೀಮೆಯೊಳಗೆ ಯಾರಾದರೂ ಹೆಚ್ಚು ನೀರು ಕುಡಿದರೆ ಅದನ್ನು ರೋಗ ಎನ್ನುವವನ ತಲೆಯನ್ನೇ ಮೊದಲು ಪರೀಕ್ಷೆ ಮಾಡಿಸಬೇಕು. ಬಿಸಿಲು 43ರ ಆಚೆ ಈಚೆ ಆಡುತ್ತಿರುತ್ತದೆ. ಜಗತ್ ಸರ್ಕಲ್ಲಿನ ಟ್ರಾಫಿಕ್ ಪೊಲೀಸ್ ಕುಡಿಯುತ್ತಾನೆ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯವನು ತಾನೂ ಕುಡಿದು ಕೊತ್ತಂಬರಿ ಕಟ್ಟಿಗೂ ಕುಡಿಸುತ್ತಾನೆ. ನಾನಂತೂ ಆಫೀಸಿನಲ್ಲಿ ಬೇರೆ ಕೆಲಸ ಮಾಡಿದ ನೆನಪಿಲ್ಲ. ಹೀಗಿರುವಾಗ ಕಮಲಾಪುರದಿಂದ ಅವ್ವ ಫೋನು ಮಾಡಿ, "ತಮ್ಮಾ, ಕೆಂಪಿ ಭಾಳ ನೀರು ಕುಡೀಲತ್ತಾಳ" ಅಂದಾಗ ನಾನು ನಕ್ಕೆ.

"ಅವ್ವಾ, ನಾನೂ ಕುಡೀಲತ್ತೀನಿ. ನನ್ನ ಸಲುವಾಗಿ ಯಾರಿಗಿ ಫೋನ್ ಮಾಡ್ತಿ?"

"ನೀ ಕುಡೀತಿ, ಮ್ಯಾಲ ನಾಕು ರೊಟ್ಟಿ ಉಣ್ತಿ. ಆಕಿ ಉಣ್ಣಲೊಲ್ಲಳು."

ಈ ಒಂದು ಮಾತಿನಲ್ಲಿ ಡಾಕ್ಟರ್ ಕೇಳಬೇಕಾದದ್ದೆಲ್ಲ ಇತ್ತು. ನನಗೆ ಅದು ತಿಳಿದದ್ದು ನಾಲ್ಕು ದಿನ ಬಿಟ್ಟು. ಆ ನಾಲ್ಕು ದಿನ ಕೆಂಪಿ ಹೇಗೋ ತಡೆದುಕೊಂಡಳು.

ಕೆಂಪಿ ನಮ್ಮ ಹಿತ್ತಲಿಗೆ ತಾನಾಗಿ ಬಂದವಳು. ಕಮಲಾಪುರದ ಕೆಂಪು ಬಾಳೆ ಗೊತ್ತಲ್ಲ, ಜಿಐ ಗುರುತು ಸಿಕ್ಕ ಹಣ್ಣು, ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಿಸುತ್ತದೆ, ಕಾಯಿಸಿದ್ದಕ್ಕೆ ತಕ್ಕ ಬೆಲೆಯನ್ನೂ ಕೇಳುತ್ತದೆ. ಸಾಹುಕಾರರ ಹಣ್ಣು. ಅಪ್ಪನ ಕಾಲದ ತೋಟ ಹೋಗಿ ಈಗ ನಮಗೆ ಉಳಿದಿರುವುದು ಹಿತ್ತಲಿನ ಐದಾರು ಗಿಡ. ಆ ಗಿಡಗಳ ಬುಡದ ತಂಪಿನಲ್ಲಿ ಒಂದು ಮುಂಜಾನೆ ಬಾಳೆಯ ಬಣ್ಣದ್ದೇ ಒಂದು ಕುನ್ನಿ ಮಲಗಿತ್ತು. ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಅವ್ವ ಒಬ್ಬಳೇ ಇರುತ್ತಿದ್ದಳು. ಮಕ್ಕಳು ಐವರು ಐದು ದಿಕ್ಕಿಗೆ. ಎಲ್ಲರಿಗಿಂತ ಹತ್ತಿರದವನು ನಾನು, ಕಲಬುರಗಿಯಲ್ಲಿ, ಮಹಾಗಾಂವ ಕ್ರಾಸ್ ದಾಟಿ ಒಂದು ತಾಸಿನ ಬಸ್ಸಿನ ದೂರದಲ್ಲಿ. ಆದರೂ ವಾರಕ್ಕೊಮ್ಮೆ ಮಾತ್ರ ಸಿಗುವಷ್ಟು ಹತ್ತಿರ.

ಕೆಂಪಿಯ ಆಸ್ತಿ ಎಂದರೆ ಒಂದು ಗೋಣಿತಟ್ಟು, ಒಂದು ತಗಡಿನ ಬಕೀಟು. ಬಕೀಟಿನ ಹಿಡಿಕೆ ಯಾವಾಗಲೋ ಹೋಗಿ ಅಲ್ಲಿ ಸುತಳಿ ಕಟ್ಟಿತ್ತು, ಅಂಚನ್ನು ಜಂಗು ತಿಂದಿತ್ತು. "ಇದನ್ನ ಭಂಗಾರದವಗ ಹಾಕು, ಪ್ಲಾಸ್ಟಿಕ್ಕಿಂದು ತರ್ತೀನಿ" ಎಂದು ನಾನು ಎರಡು ಸಲ ಹೇಳಿದ್ದೆ. ಎರಡು ಸಲವೂ ಅವ್ವ ಕೇಳಿಸದವಳಂತೆ ಒಳಗೆ ಹೋಗಿದ್ದಳು.

ಮರಿ ಆಗದಂತೆ ಆಪರೇಶನ್ ಮಾಡಿಸುವ ಮಾತು ಮೊದಲ ವರ್ಷವೇ ಬಂದಿತ್ತು. ಆದರೆ ಆಗ ನನ್ನೊಳಗಿನ ಭಾವುಕ ಎದ್ದು ನಿಂತ. "ಪಾಪ, ಒಂದು ಸಲ ತಾಯಿ ಆಗಲಿ" ಅಂದ. ಈ ಭಾವುಕ ಎಂಥವನೆಂದರೆ ಬಾಣಂತನ ಮಾಡುವವನು ಅವನಲ್ಲ. ಕಲಬುರಗಿಯಲ್ಲಿ ಫ್ಯಾನಿನ ಕೆಳಗೆ ಕೂತು ತಾಯ್ತನದ ಬಗ್ಗೆ ಕಣ್ಣು ಒದ್ದೆ ಮಾಡಿಕೊಳ್ಳುವವನು. ಅವನ ತಪ್ಪೂ ಅಲ್ಲ. ನಾವು ಹುಡುಗರಿದ್ದಾಗ ಓಣಿಯಲ್ಲಿ ನಾಯಿ ಹಡೆದರೆ ಮನೆಮನೆಗೆ ಹೋಗಿ ರವೆ, ಬೆಲ್ಲ, ಎಣ್ಣೆ ಬೇಡಿ ತಂದು, ಯಾರದೋ ಅವ್ವನ ಕೈಯಲ್ಲಿ ಸಜ್ಜಕ ಮಾಡಿಸಿ ಬಾಣಂತಿಗೆ ಹಾಕುತ್ತಿದ್ದೆವು. ಅರ್ಧ ಸಜ್ಜಕ ದಾರಿಯಲ್ಲೇ ಖರ್ಚಾಗುತ್ತಿತ್ತು, ಆ ಮಾತು ಬೇರೆ. ಆ ಕುನ್ನಿಗಳೆಲ್ಲ ಎಲ್ಲಿ ಹೋದವು ಎಂದು ಮಾತ್ರ ನಾವು ಯಾರೂ ಕೇಳಲಿಲ್ಲ. ಮುಂದಿನ ವರ್ಷ ಮತ್ತೆ ಹಡೆಯುತ್ತಿತ್ತು, ಮತ್ತೆ ಸಜ್ಜಕ.

ಕಾರ್ತಿಕದಲ್ಲಿ ಊರಿನ ಗಂಡುನಾಯಿಗಳೆಲ್ಲ ನಮ್ಮ ಹಿತ್ತಲಿನ ಹೊರಗೆ ಸಭೆ ಸೇರಿದವು. 63 ದಿನಕ್ಕೆ ಸರಿಯಾಗಿ ಕೆಂಪಿ ಐದು ಕುನ್ನಿ ಹಾಕಿದಳು. ಸಂಕ್ರಾಂತಿ ಚಳಿ ಕಳೆಯುವಷ್ಟರಲ್ಲಿ ಎರಡು ಉಳಿದವು. ಶಿವರಾತ್ರಿಗೆ ಒಂದು. ಅದು ಹುಮನಾಬಾದ್ ರಸ್ತೆ ದಾಟುವುದನ್ನು ಕಲಿಯುವ ಹುಮ್ಮಸ್ಸಿನಲ್ಲಿತ್ತು, ಕಲಿಯಲಿಲ್ಲ. ಕೋಲ್ಕತ್ತದ ವಿಜ್ಞಾನ ಸಂಸ್ಥೆಯವರು ಬೀದಿಯ 364 ಕುನ್ನಿಗಳನ್ನು ಹುಟ್ಟಿನಿಂದ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನಾನು ಆಮೇಲೆ ಓದಿದೆ. ಏಳು ತಿಂಗಳು ತುಂಬುವವರೆಗೆ ಬದುಕಿದವು ನೂರಕ್ಕೆ 19. ನಮ್ಮ ಮನೆಯ ಲೆಕ್ಕ ಅದಕ್ಕಿಂತ ಒಂದು ಕುನ್ನಿ ಕಡಿಮೆ. ಅವ್ವ ಐದನ್ನೂ ಬಾಳೆಗಿಡದ ಸಾಲಿನಾಚೆ ಹೂತಳು. ನಾನು ಭಾನುವಾರ ಹೋದಾಗ ಮಣ್ಣು ಒಣಗಿರುತ್ತಿತ್ತು.

ಆಗಲೇ ಆಪರೇಶನ್ ಮಾಡಿಸಬೇಕಿತ್ತು. ಮಾರ್ಚ್ ಎಂಡಿಂಗ್ ಆಗಲಿ ಅಂದೆ. ಮಾರ್ಚ್ ಆದಮೇಲೆ ಬಿಸಿಲು ತಗ್ಗಲಿ ಅಂದೆ. ಈ ನಡುವೆ ನಮ್ಮ ಕಾಕಾ ಒಬ್ಬರು, ಹುಣ್ಣಿಮೆಗೊಮ್ಮೆ ಗಾಣಗಾಪುರಕ್ಕೆ ಹೋಗುವವರು, ಗದರಿಸಿದರು. "ದತ್ತಮಹಾರಾಜರ ನಾಯಿಗಿ ಕತ್ತರಿ ಹಾಕಸ್ತೀಯೇನೋ? ನಾಕೂ ನಾಯಿ ನಾಕು ವೇದ ಅವ." ನಾನು ತಲೆ ತಗ್ಗಿಸಿದೆ. ಮನೆಗೆ ಬಂದು ಹೇಳಿದಾಗ ಹೆಂಡತಿ ಗೋಡೆಯ ಮೇಲಿನ ದತ್ತನ ಫೋಟೋದ ಕಡೆ ನೋಡಿ, "ವೇದ ನಾಕಕ್ಕೇ ನಿಂತಾವಲ್ರಿ, ಅವ್ರು ಮೊದಲೇ ವ್ಯವಸ್ಥಾ ಮಾಡಿಸಿರಬೇಕು" ಅಂದಳು. ಇದನ್ನು ಕಾಕಾ ಮುಂದೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಹೀಗೆ ವರ್ಷಗಳು ಜಾರಿದವು. ಕಾರ್ತಿಕ ಬಂದರೆ ಅವ್ವ ಕೆಂಪಿಯನ್ನು ಅಟ್ಟದ ಕೋಣೆಯಲ್ಲಿ ಕೂಡಿಹಾಕುತ್ತಿದ್ದಳು. ಒಂದು ವರ್ಷ ಹಾಗೆ ಕೂಡಿಹಾಕಿ ಎರಡು ತಿಂಗಳಾದ ಮೇಲೆ ನಾನು ಊರಿಗೆ ಹೋದೆ. ಹೊರಡುವಾಗ ನೋಡಿದರೆ ಎಡಗಾಲಿನ ಚಪ್ಪಲಿ ಇಲ್ಲ. ಗೋಣಿತಟ್ಟಿನ ಮೇಲೆ ಕೆಂಪಿ ಅದನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಾಳೆ, ನೆಕ್ಕುತ್ತಿದ್ದಾಳೆ. ಮೊಲೆ ತುಂಬಿ ಹಾಲು ಜಿನುಗುತ್ತಿದೆ. ಕೈ ಚಾಚಿದೆ. ಐದು ವರ್ಷ ನನ್ನ ಕೈಯಿಂದ ಬಿಸ್ಕೀಟು ತಿಂದವಳು ಹಲ್ಲು ತೋರಿಸಿದಳು. "ಬಿಡು ತಮ್ಮಾ, ಕೂಸು ಅಂತ ತಿಳದಾಳ" ಎಂದಳು ಅವ್ವ. ನಾನು ಅಪ್ಪನ ಹಳೆಯ ಹವಾಯಿ ಚಪ್ಪಲಿ ಹಾಕಿಕೊಂಡು ಕಲಬುರಗಿ ಬಸ್ಟ್ಯಾಂಡಿನಲ್ಲಿ ಇಳಿದೆ. ಮರಿಯಾಗಿದ್ದ ನನ್ನ ಚಪ್ಪಲಿ ಮೂರು ವಾರ ಕೆಂಪಿಯ ಮೊಲೆ ಕುಡಿಯಿತು.

ಸುಳ್ಳು ಬಸಿರು ಅನ್ನುತ್ತಾರೆ ಇದಕ್ಕೆ. ನಮಗೆ ತಮಾಷೆಯಾಗಿ ಕಂಡಿತು. ತಮಾಷೆಯಲ್ಲ ಎಂದು ಮೇ ತಿಂಗಳಲ್ಲಿ ಗೊತ್ತಾಯಿತು.

ಆ ವರ್ಷ ಕೆಂಪಿಯ ಹೊಟ್ಟೆ ದುಂಡಗಾಗುತ್ತ ಬಂದಿತ್ತು. ಹಿತ್ತಲಿನ ಗೋಡೆ ಹಾರುವ ಒಂದು ಮುರುಕು ಕಿವಿಯ ನಾಯಿಯ ಮೇಲೆ ನಮಗೆ ಗುಮಾನಿ ಇತ್ತು. ಹೋಗಲಿ, ಈ ಸಲ ಕುನ್ನಿಗಳಿಗೆ ಮನೆ ಹುಡುಕಿಯೇಬಿಡೋಣ ಎಂದು ನಾನು ಆಫೀಸಿನಲ್ಲಿ ಇಬ್ಬರಿಗೆ ಮುಂಗಡವಾಗಿ ಒಂದೊಂದು ಹಂಚಿಯೂ ಬಿಟ್ಟಿದ್ದೆ. ಒಬ್ಬರು ಹೆಸರು ಸಹ ಇಟ್ಟಿದ್ದರು. ಹೀಗಾಗಿ ಮಂಕಾದದ್ದು ಬಸಿರಿನಿಂದ, ನೀರಡಿಕೆ ಬಿಸಿಲಿನಿಂದ, ವಾಂತಿ ಆದದ್ದು ಏನೋ ತಿಂದದ್ದರಿಂದ, ಹೀಗೆ ಒಂದೊಂದಕ್ಕೆ ಒಂದೊಂದು ಕಾರಣ ಕೂಡಿಸಿಕೊಂಡು ನಾವು ನೆಮ್ಮದಿಯಿಂದಿದ್ದೆವು. ನೆಮ್ಮದಿಯಿಂದ ಇದ್ದದ್ದು ನಾನು. ಅವ್ವ ರಾತ್ರಿ ಎರಡು ಸಲ ಎದ್ದು ಬಕೀಟು ತುಂಬಿಸುತ್ತಿದ್ದಳು. ಐದನೆಯ ದಿನ ನಸುಕಿನಲ್ಲಿ ಪಕ್ಕದ ಮನೆಯವರ ಟಂಟಂ ಮಾತಾಡಿ, ಸೀಟಿನ ಮೇಲೆ ಬಾಳೆ ಎಲೆ ಹಾಸಿ, ಕೆಂಪಿಯನ್ನು ಮಲಗಿಸಿ, ತಲೆ ತೊಡೆಯ ಮೇಲೆ ಇಟ್ಟುಕೊಂಡು ಅವ್ವ ನನ್ನನ್ನು ಕೇಳದೆಯೇ ಕಲಬುರಗಿಗೆ ಬಂದಳು. ಬಿಸಿಲು ಏರುವ ಮೊದಲು ಮುಟ್ಟಬೇಕಂತೆ. ಬಾಗಿಲು ತೆಗೆದರೆ ಎದುರಿಗೆ ಟಂಟಂ. "ದವಾಖಾನಿ ಎಲ್ಲಿ ಅದ ತೋರಸು" ಅಂದಳು.

ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ, ಬೀದರಿನಲ್ಲಿ ಓದಿದವಳು. ಮೊದಲ ಪ್ರಶ್ನೆ ನನಗೆ ಕೇಳಿದಳು. "ಸರ್, ಲಾಸ್ಟ್ ಯಾವಾಗ ಬೆದಿಗಿ ಬಂದಿತ್ರೀ?" ನಾನು ಕ್ಯಾಲೆಂಡರ್ ನೋಡಿದೆ, ಛಾವಣಿ ನೋಡಿದೆ. ಅವ್ವ ಹಿಂದಿನಿಂದ ಹೇಳಿದಳು. "ಶರಣಬಸಪ್ಪನ ತೇರು ಎಳದ ಮರುದಿನಾ." ಹೋಳಿಯ ಹಿಂದೆಯೇ ಬರುವ ಜಾತ್ರೆ ಅದು. ಡಾಕ್ಟರ್ ಬೆರಳು ಮಡಚಿ ಎಣಿಸಿದಳು. ಏಳು ವಾರ. ಹೊಟ್ಟೆಯ ಮೇಲೆ ಸ್ಕ್ಯಾನಿನ ಕೈಯನ್ನು ಆಡಿಸಿದಳು. ಪರದೆಯ ಮೇಲೆ ಕುನ್ನಿಗಳ ಬೆನ್ನೆಲುಬು ಕಾಣುತ್ತವೆ ಎಂದು ನಾನು ಬಗ್ಗಿ ನೋಡುತ್ತಿದ್ದೆ. ಬರೀ ಕಪ್ಪು ಚೀಲಗಳು.

"ಮರಿ ಇಲ್ರಿ ಸರ್. ಎಲ್ಲಾ ಕೀವು."

ಪಯೋಮೆಟ್ರಾ ಎಂಬ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಆವತ್ತು. ಹೆಣ್ಣುನಾಯಿಯ ಮೈ ನಮ್ಮ ಮೈಯಂತಲ್ಲ. ಬೆದೆ ಮುಗಿದ ಮೇಲೆ ಬಸಿರಾಗಲಿ ಬಿಡಲಿ, ಅದರ ಗರ್ಭಕೋಶ ಎರಡು ತಿಂಗಳು ಬಸಿರಿನ ತಯಾರಿಯಲ್ಲೇ ಇರುತ್ತದೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಒಳಗಿನ ಪದರವನ್ನು ದಪ್ಪ ಮಾಡುತ್ತದೆ, ಬಾಯಿ ಮುಚ್ಚುತ್ತದೆ, ಬರುವ ಅತಿಥಿಗಳಿಗೆ ತೊಂದರೆ ಆಗಬಾರದೆಂದು ಕಾವಲುಗಾರರನ್ನೂ ಸುಮ್ಮನಿರಿಸುತ್ತದೆ. ಅತಿಥಿಗಳ ಬದಲು ಕೆಳಗಿನಿಂದ ಕ್ರಿಮಿಗಳು ಹೊಕ್ಕಿರುತ್ತವೆ, ಹೆಚ್ಚಾಗಿ ಮಲದಲ್ಲಿರುವ ಇ-ಕೊಲೈ. ವರ್ಷಕ್ಕೆ ಸುಮಾರು ಎರಡು ಸಲ ಈ ತಯಾರಿ, ಈ ನಿರಾಸೆ. ನನ್ನ ಚಪ್ಪಲಿಗೆ ಹಾಲು ಬಂದದ್ದೂ ಅದೇ ಹಾರ್ಮೋನಿನ ಏರಿಳಿತದಿಂದ. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸುರಿದು ಮನೆಯವರಿಗೆ ಕಾಣುತ್ತದೆ. ಮುಚ್ಚಿದ್ದರೆ ಒಳಗೇ ತುಂಬುತ್ತದೆ, ನಾವು ಮರಿಗಳಿಗೆ ಹೆಸರಿಡುತ್ತ ಕೂತಿರುತ್ತೇವೆ. ಅದರ ವಿಷ ಮೂತ್ರಪಿಂಡಕ್ಕೆ ಮುಟ್ಟಿದರೆ ಅದು ನೀರು ಹಿಡಿದಿಡುವುದನ್ನೇ ಮರೆಯುತ್ತದೆ. ಕುಡಿದದ್ದೆಲ್ಲ ಹೊರಗೆ, ಮತ್ತೆ ನೀರಡಿಕೆ. ಸ್ವೀಡನ್ನಿನಲ್ಲಿ ನಾಯಿಗಳಿಗೂ ವಿಮೆ ಉಂಟು. ಆ ವಿಮೆಯ ಕಡತ ತಿರುವಿದವರಿಗೆ ಕಂಡದ್ದು, ಹತ್ತು ವರ್ಷ ತುಂಬುವುದರೊಳಗೆ ಹೆಣ್ಣುನಾಯಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಈ ರೋಗ. ತಣ್ಣನೆಯ ದೇಶ. ಅಲ್ಲಿ ನಾಯಿ ಹೆಚ್ಚು ನೀರು ಕುಡಿದರೆ ಯಾರಾದರೂ ಹುಬ್ಬೇರಿಸುತ್ತಾರೆ. ನಮ್ಮಲ್ಲಿ ಮೇ ತಿಂಗಳು ಅದನ್ನು ಅಡಗಿಸಿಬಿಡುತ್ತದೆ.

ಆವತ್ತೇ ಆಪರೇಶನ್ ಆಯಿತು. ಚೆನ್ನಾಗಿದ್ದ ನಾಯಿಗೆ ಮಾಡುವುದು ಬೇರೆ, ಕೀವು ತುಂಬಿ ಜ್ವರದಲ್ಲಿರುವ ನಾಯಿಗೆ ಮಾಡುವುದು ಬೇರೆ ಎಂದು ಡಾಕ್ಟರ್ ಮೊದಲೇ ಹೇಳಿ ನನ್ನಿಂದ ಸಹಿ ಮಾಡಿಸಿಕೊಂಡಿದ್ದಳು. ಎರಡು ತಾಸಿನ ಮೇಲೆ ಹೊರಗೆ ಬಂದು, ನೋಡ್ತೀರೇನ್ರಿ ಎಂದು ಟ್ರೇ ಹಿಡಿದಳು. ನೋಡಬಾರದಿತ್ತು. ನಾಯಿಯ ಗರ್ಭಕೋಶಕ್ಕೆ ಎರಡು ಕವಲು. ಆರೋಗ್ಯದಲ್ಲಿ ಪೆನ್ಸಿಲಿಗಿಂತ ತೆಳ್ಳಗೆ ಇರುವಂಥವು. ಟ್ರೇಯಲ್ಲಿ ಊದಿಕೊಂಡು, ಬಾಗಿ, ಹೊಳೆಯುತ್ತ, ಕಂದುಗೆಂಪು ಬಣ್ಣದಲ್ಲಿ ಮಲಗಿದ್ದವು, ಪಕ್ಕಪಕ್ಕ ಇಟ್ಟ ನಮ್ಮೂರಿನ ಎರಡು ಕೆಂಪು ಬಾಳೆಹಣ್ಣು. ಆ ಹಣ್ಣನ್ನು ನಾನು ಮುಂದೆ ಒಂದು ವರ್ಷ ಮುಟ್ಟಲಿಲ್ಲ. ಊರವರು ಸಕ್ಕರೆ ರೋಗ ಬಂದಿರಬೇಕು ಎಂದು ತಿಳಿದರು. ನಾನೂ ತಿದ್ದಲಿಲ್ಲ.

ಎಚ್ಚರ ಬರುವವರೆಗೆ ಕೂತಿದ್ದಾಗ ಡಾಕ್ಟರ್ ಇನ್ನಷ್ಟು ಹೇಳಿದಳು. ಸ್ತನದ ಗಡ್ಡೆಯ ಮಾತು ಬಂತು. ಅಮೆರಿಕದಲ್ಲಿ 1969ರಲ್ಲಿ ಬಂದ ಒಂದು ಅಧ್ಯಯನವನ್ನು ಇವತ್ತಿಗೂ ಎಲ್ಲರೂ ಎತ್ತುತ್ತಾರೆ. ಆಪರೇಶನ್ ಆಗದ ನಾಯಿಗೆ ಸ್ತನದ ಕ್ಯಾನ್ಸರಿನ ಅಪಾಯ ನೂರು ಎಂದಿಟ್ಟುಕೊಂಡರೆ, ಮೊದಲ ಬೆದೆಗಿಂತ ಮುಂಚೆ ಮಾಡಿಸಿದ ನಾಯಿಗೆ ಅದು ಅರ್ಧ ಮಾತ್ರ, ಅಂದರೆ ಒಂದೂ ಅಲ್ಲ. ಒಂದು ಬೆದೆ ಕಳೆದು ಮಾಡಿಸಿದರೆ 8, ಎರಡೋ ಹೆಚ್ಚೋ ಕಳೆದರೆ 26. ಇಷ್ಟು ಚೊಕ್ಕ ಅಂಕಿ ನೋಡಿದರೆ ಗುಮಾಸ್ತನಾದ ನನಗೆ ಸಂಶಯವೇ ಬರುತ್ತದೆ. 2012ರಲ್ಲಿ ಇಂಗ್ಲೆಂಡಿನವರು ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ತೂಗಿ, ಪುರಾವೆ ನಾವು ತಿಳಿದಷ್ಟು ಗಟ್ಟಿ ಇಲ್ಲ ಎಂದು ಬರೆದಿದ್ದಾರಂತೆ. ಹುಡುಗಿ ಅದನ್ನೂ ಮುಚ್ಚಿಡಲಿಲ್ಲ. ಆಪರೇಶನ್ ಆದ ಮೇಲೆ ಮೈ ಬರುತ್ತದೆ, ಕೆಲವಕ್ಕೆ ವಯಸ್ಸಾದ ಮೇಲೆ ಮಲಗಿದಲ್ಲೇ ಉಚ್ಚೆ ಸೋರುತ್ತದೆ, ದೊಡ್ಡ ಜಾತಿಯ ನಾಯಿಗೆ ತೀರ ಎಳೆಯದರಲ್ಲಿ ಮಾಡಿಸಿದರೆ ಕೀಲಿನ ತೊಂದರೆ ಬರಬಹುದು, ಅದನ್ನು ಡಾಕ್ಟರನ್ನು ಕೇಳಿ ಮಾಡಿಸಬೇಕು. "ಆದ್ರ ಸರ್, ಗರ್ಭಕೋಶನೇ ಇಲ್ಲ ಅಂದಮ್ಯಾಲ ಅದರಾಗ ಕೀವು ಎಲ್ಲಿಂದ ಬರ್ತದ?" ಈ ವಾದಕ್ಕೆ ಅಧ್ಯಯನ ಬೇಕಾಗಿಲ್ಲ.

"ಮತ್ತ ಒಂದು ಸಲ ಹಡೆದ್ರ ಆರೋಗ್ಯಕ್ಕ ಚಲೋ ಅಂತಾರಲ್ಲ?"

"ಯಾರ ಆರೋಗ್ಯಕ್ಕ ಸರ್?"

ನಾನು ಮತ್ತೆ ಛಾವಣಿ ನೋಡಿದೆ.

ಆಮೇಲೆ ನನಗೆ ಹೊಸದಾಗಿ ಮತಾಂತರಗೊಂಡವನ ಉತ್ಸಾಹ ಬಂತು. ಕಲಬುರಗಿಯ ನಮ್ಮ ಓಣಿಯಲ್ಲಿ ಸಿಕ್ಕಸಿಕ್ಕವರಿಗೆ ಹೆಣ್ಣುನಾಯಿಯ ಗರ್ಭಕೋಶದ ಬಗ್ಗೆ ಹೇಳತೊಡಗಿದೆ. ಬೆಳಗಿನ ವಾಕಿಂಗಿನಲ್ಲಿ, ಊರವರು ಅಪ್ಪನ ಕೆರೆ ಎನ್ನುವ ಕೆರೆಯ ದಂಡೆಗೆ ಹೋದರೆ ಜೊತೆಗಾರರು ಹೆಜ್ಜೆ ಚುರುಕು ಮಾಡುತ್ತಿದ್ದರು. ಓಣಿಯ ಗಂಡುನಾಯಿಯೊಂದರ ಜನನಾಂಗದ ಮೇಲೆ ಹೂಕೋಸಿನಂಥ ಗಡ್ಡೆ ಎದ್ದು ರಕ್ತ ತೊಟ್ಟಿಕ್ಕುತ್ತಿತ್ತು. ಅದು ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಕ್ಯಾನ್ಸರ್. ಸಾವಿರಾರು ವರ್ಷದ ಹಿಂದೆ ಏಷ್ಯಾದ ಎಲ್ಲೋ ಬದುಕಿದ್ದ ಒಂದೇ ಒಂದು ನಾಯಿಯ ಜೀವಕೋಶಗಳು ಇವು, ನಾಯಿ ಸತ್ತರೂ ಗಡ್ಡೆ ಸಾಯಲಿಲ್ಲ, ಹೆಣ್ಣಿನಿಂದ ಗಂಡಿಗೆ, ಗಂಡಿನಿಂದ ಹೆಣ್ಣಿಗೆ ದಾಟುತ್ತ ಲೋಕವನ್ನೇ ಸುತ್ತಿ ನಮ್ಮ ಓಣಿಯ ಹಾಲಿನ ಬೂತಿನ ಮುಂದೆ ಬಂದು ನಿಂತಿದೆ. ಅದಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ನಿನ ಮೂಲ ನಮ್ಮ ಕಾಂಪೌಂಡಿನ ನಿತ್ಯಪುಷ್ಪ. ಇದನ್ನು ಕೇಳಿ ಪಕ್ಕದ ಮನೆಯ ವೈನಿ ದೇವರಿಗೆ ಆ ಹೂವು ಏರಿಸುವುದನ್ನು ನಿಲ್ಲಿಸಿದರು. ನಾನು ಹೇಳಿದ್ದರಿಂದ ಆದ ಒಂದೇ ಪರಿಣಾಮ ಅದು.

ಬೀದಿನಾಯಿಯ ವಿಷಯ ಈಗ ದೊಡ್ಡದಾಗಿದೆ. 2023ರ ನಿಯಮ, ಅದರ ಹಿಂದಿನ 2001ರದ್ದು, 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟಿನ ಆದೇಶ, ಎಲ್ಲವನ್ನೂ ನಮ್ಮ ಓಣಿಯವರು ಬಾಯಿಪಾಠ ಮಾಡಿದ್ದಾರೆ. ಆಪರೇಶನ್ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲೇ ಬಿಡಬೇಕು ಎನ್ನುವವರೊಂದು ಕಟ್ಟೆ. ಅದೇ ವರ್ಷದ ನವೆಂಬರಿನ ಆದೇಶದಂತೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಲ್ಲಿ ಹಿಡಿದದ್ದನ್ನು ಮರಳಿ ಬಿಡಬಾರದು ಎನ್ನುವವರೊಂದು ಕಟ್ಟೆ. ಎರಡು ಕಟ್ಟೆಗಳ ನಡುವೆ ಕಿವಿಯ ತುದಿ ಕತ್ತರಿಸಿದ ಒಂದು ಹೆಣ್ಣುನಾಯಿ ಮೈಚೆಲ್ಲಿ ಮಲಗಿರುತ್ತದೆ. ನಾನು ಅದರ ಹೊಟ್ಟೆಯನ್ನಷ್ಟೇ ನೋಡುತ್ತೇನೆ. ಚಪ್ಪಟೆಯಾಗಿದೆ. ನೀರೂ ಹದವಾಗಿ ಕುಡಿಯುತ್ತದೆ.

ಹತ್ತನೆಯ ದಿನಕ್ಕೆ ಹೊಲಿಗೆ ಬಿಚ್ಚಿಸಿಕೊಂಡು ಕೆಂಪಿಯನ್ನು ಕಮಲಾಪುರಕ್ಕೆ ಕರೆದೊಯ್ದೆ. ಹಿತ್ತಲಿನಲ್ಲಿ ಸಂಜೆಯ ನೆರಳು ಬಿದ್ದಿತ್ತು. ಅವ್ವ ಚಾಳೀಸು ಏರಿಸಿಕೊಂಡು, ಕೆಂಪಿಯನ್ನು ಅಂಗಾತ ಮಲಗಿಸಿ, ಬೋಳಿಸಿದ ಹೊಟ್ಟೆಯ ಮೇಲಿನ ಗೆರೆಯನ್ನು ಕಿರುಬೆರಳಿನಿಂದ ಮೇಲಿನಿಂದ ಕೆಳಗೆ ಮುಟ್ಟುತ್ತ ಹೋದಳು. ಸೀರೆಯ ಅಂಚು ನೋಡುವವರ ಹಾಗೆ.

"ಚಂದ ಹಾಕ್ಯಾಳ ಹುಡುಗಿ. ನಂದಕ್ಕಿಂತ ಚಂದ ಅದ."

"ನಿಂದು ಅಂದ್ರ?"

"ನನ್ನ ಹೊಲಿಗಿ. ಆಪರೇಶನ್ ಆಗಿತ್ತಲ್ಲ ನನಗ, ನೀ ಹುಟ್ಟಿದ ಮರುವರ್ಷ."

ನಾನು ಹುಟ್ಟಿದ್ದು 1978. ಅವ್ವನಿಗೆ ಆಪರೇಶನ್ ಆಗಿರಬೇಕು ಎಂದು ಲೆಕ್ಕ ಹಾಕಿದರೆ ತಿಳಿಯುತ್ತಿತ್ತು. ಲೆಕ್ಕ ಹಾಕಿರಲಿಲ್ಲ. ಹೊಲಿಗೆ ಇದೆ ಎಂಬುದಂತೂ ಮನಸ್ಸಿಗೇ ಬಂದಿರಲಿಲ್ಲ. ಆಗ ಎಮರ್ಜೆನ್ಸಿ ಮುಗಿದು, ಗಂಡಸರ ಆಪರೇಶನ್ ಎಂದರೆ ಊರೂರೇ ಬಾಗಿಲು ಹಾಕಿಕೊಳ್ಳುವ ಕಾಲ. ಸರದಿ ಹೆಂಗಸರಿಗೆ ಬಂದಿತ್ತು. ಸಾಲಿ ಪಡಸಾಲೆಯಲ್ಲಿ ಕ್ಯಾಂಪು ಹಾಕಿದ್ದರಂತೆ, ಕಟ್ಟಿಗೆ ಬೆಂಚು ಜೋಡಿಸಿ. ಒಬ್ಬಾಕಿ ಇಳಿದರೆ ಇನ್ನೊಬ್ಬಾಕಿ ಏರುವುದು. ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ಸೈಕಲ್ ಹಿಡಿದುಕೊಂಡು ನಿಂತಿದ್ದನಂತೆ. ಬರುವಾಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡಲು ಆಗದೆ ಯಾರದೋ ಬಂಡಿಯಲ್ಲಿ ಮಲಗಿ ಬಂದಳಂತೆ, ನನ್ನನ್ನು ಪಕ್ಕಕ್ಕೆ ಹಾಕಿಕೊಂಡು.

"ನೂಸಿತ್ತೇನವ್ವಾ?"

"ಮತ್ತ? ಐದನೇ ದಿನಕ್ಕ ಹೊಲಕ್ಕ ಹೋಗೀನಿ." ಕೆಂಪಿಯ ಹೊಟ್ಟೆ ಸವರುತ್ತಲೇ ಇದ್ದಳು. "ಈಕಿಗಿ ಹತ್ತು ದಿನ ಕೂಡಿಸಿ ಅನ್ನ ಹಾಕೀರಿ. ಪುಣ್ಯಾ ಮಾಡ್ಯಾಳ."

"ಏನಾರ ಕೊಡ್ತಿದ್ರಂತಲ್ಲ ಆಗ?"

"ರೊಕ್ಕ ನಿಮ್ಮಪ್ಪನ ಕೈಯಾಗ ಕೊಟ್ರು. ನನಗ ಬಕೀಟು ಕೊಟ್ರು."

ಕೆಂಪಿ ಮೆಲ್ಲಗೆ ಎದ್ದಳು. ಮೈ ಒಮ್ಮೆ ಕೊಡವಿ, ಸುತಳಿಯ ಹಿಡಿಕೆಯ ಕಡೆಗೆ ಹೋಗಿ, ಮುಖ ಇಳಿಸಿ ನೀರು ಕುಡಿದಳು. ನಾವಿಬ್ಬರೂ ಎಣಿಸಿದೆವು. ನಾಲ್ಕೇ ಗುಟುಕು. ಬಾಯಿ ಒರೆಸಿಕೊಳ್ಳದೆ ಬಂದು ಅವ್ವನ ಸೀರೆಯ ಮೇಲೆ ಗದ್ದ ಇಟ್ಟಳು.